ಸುಳಿ ಅಂಚಿನಿಂದ ಒಳಗೆ ಬರುತ್ತದೆ

ಗೋಗಿ ಎಂದರೆ ಹೊರಗಿನವರಿಗೆ ನೆನಪಾಗುವುದು ಎರಡು ಸಂಗತಿ. ಒಂದು, ಚಂದಾ ಹುಸೇನಿ ದರ್ಗಾದ ಬಳಿ ಮಣ್ಣಾಗಿರುವ ಬಿಜಾಪುರದ ಮೊದಮೊದಲ ಆದಿಲ್‌ಶಾಹಿ ಸುಲ್ತಾನರು. ಇನ್ನೊಂದು, ನೆಲದಡಿಯ ಯುರೇನಿಯಂ. ಇದೇ ಊರಿನಲ್ಲಿ ಕೂತು ನಾನು ಮಾಡುವ ಕೆಲಸಕ್ಕೆ ಎರಡರ ನಂಟೂ ಇಲ್ಲ. ಹಗಲು ಶಹಾಪುರ ಕಡೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಭೌತಶಾಸ್ತ್ರದ ಪಾಠ, ರಾತ್ರಿ ಮನೆಯಲ್ಲಿ ಕಂಪ್ಯೂಟರ್ ಮುಂದೆ ಅತಿಶೀತ ಅನಿಲ. ಪರಮಾಣುಗಳ ಮೋಡವೊಂದನ್ನು ಲೆಕ್ಕದೊಳಗೆ ತಿರುಗಿಸಿ, ಅದರಲ್ಲಿ ಸುಳಿ ಹೇಗೆ ಹುಟ್ಟುತ್ತದೆ ಎಂದು ನೋಡುತ್ತೇನೆ. ಪ್ರತಿವರ್ಷ ಪ್ರಾಜೆಕ್ಟ್‌ಗೆಂದು ಬರುವ ಹುಡುಗ ಹುಡುಗಿಯರಿಗೆ ಬಾಯಲ್ಲಿ ಹೇಳುತ್ತ ಬಂದಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಹಿನ್ನೆಲೆ ಇಷ್ಟು ಗೊತ್ತಿದ್ದರೆ ಸಾಕು. 1924ರಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸ್ ಐನ್‌ಸ್ಟೈನ್‌ಗೆ ಕಳಿಸಿದ ಪುಟ್ಟ ಲೇಖನದಿಂದ ಹೊರಟ ವಿಚಾರ 1995ರಲ್ಲಿ ಅಮೆರಿಕದ ಬೋಲ್ಡರ್‌ನಲ್ಲಿ ಕಣ್ಣಿಗೆ ಕಂಡಿತು. ಎರಿಕ್ ಕಾರ್ನೆಲ್ ಮತ್ತು ಕಾರ್ಲ್ ವೀಮನ್ ರುಬಿಡಿಯಂ ಅನಿಲವನ್ನು 170 ನ್ಯಾನೋಕೆಲ್ವಿನ್‌ವರೆಗೆ ತಣಿಸಿದಾಗ ಪರಮಾಣುಗಳು ಒಂದೊಂದಾಗಿ ಓಡಾಡುವುದನ್ನು ಬಿಟ್ಟು ಎಲ್ಲವೂ ಸೇರಿ ಒಂದೇ ತರಂಗವಾದವು. ಅದೇ ಬೋಸ್–ಐನ್‌ಸ್ಟೈನ್ ಕಂಡೆನ್ಸೇಟ್. ಆ ತರಂಗ ಹೇಗೆ ನಡೆಯುತ್ತದೆ ಎಂಬುದನ್ನು 1961ರಲ್ಲಿ ಗ್ರಾಸ್ ಮತ್ತು ಪಿಟಾಯೆವ್‌ಸ್ಕಿ ಬೇರೆಬೇರೆಯಾಗಿ ಬರೆದ ಸಮೀಕರಣ ಹೇಳುತ್ತದೆ. ನನ್ನ ಕೆಲಸವೆಲ್ಲ ಆ ಒಂದು ಸಮೀಕರಣದ ಮೇಲೆ ನಿಂತಿದೆ.

1. ಈ ಅನಿಲ ತಿರುಗಲು ಒಪ್ಪುವುದಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ

ನಾರಾಯಣಪುರದ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ತೂಬಿನ ಬಾಯಲ್ಲಿ ಸುಳಿ ಏಳುವುದನ್ನು ನಮ್ಮ ಕಡೆಯ ಮಕ್ಕಳೆಲ್ಲ ನೋಡಿರುತ್ತಾರೆ. ಗೇಟು ಸ್ವಲ್ಪ ಎತ್ತಿದರೆ ಸುಳಿ ಮೆತ್ತಗೆ, ಇನ್ನಷ್ಟು ಎತ್ತಿದರೆ ಜೋರು. ನಡುವಿನ ಯಾವ ಬಲವಾದರೂ ನೀರಿಗೆ ಸೈ. ಕಂಡೆನ್ಸೇಟ್‌ನಲ್ಲಿ ಆ ಸೌಕರ್ಯವಿಲ್ಲ. ಅದು ಒಂದೇ ತರಂಗವಾದ್ದರಿಂದ, ಯಾವುದೇ ಬಿಂದುವಿನ ಸುತ್ತ ಒಂದು ಸುತ್ತು ಹಾಕಿ ಬಂದರೆ ತರಂಗದ ಫೇಸ್ (ಏರಿಳಿತದಲ್ಲಿ ತರಂಗ ಎಲ್ಲಿದೆ ಎನ್ನುವ ಕೋನ) ಹೊರಟಲ್ಲಿಗೇ ಬಂದು ಕೂಡಬೇಕು. ಅಂದರೆ ಫೇಸ್ ಬದಲಾಗುವುದು ಸೊನ್ನೆ, ಇಲ್ಲವೇ 360 ಡಿಗ್ರಿ, ಇಲ್ಲವೇ 720. ಅರ್ಧ ಸುಳಿ, ಮುಕ್ಕಾಲು ಸುಳಿ ಇಲ್ಲವೇ ಇಲ್ಲ. ಲಾರ್ಸ್ ಆನ್ಸಾಗರ್ 1949ರಲ್ಲಿ ದ್ರವ ಹೀಲಿಯಂ ಬಗ್ಗೆ ಇದನ್ನು ಸೂಚಿಸಿದರು, ಫೈನ್‌ಮನ್ 1955ರಲ್ಲಿ ವಿಸ್ತರಿಸಿದರು. ಒಂದು ಸುಳಿಯ ಬಲವೆಂದರೆ ಪ್ಲಾಂಕ್ ಸ್ಥಿರಾಂಕವನ್ನು ಪರಮಾಣುವಿನ ದ್ರವ್ಯರಾಶಿಯಿಂದ ಭಾಗಿಸಿದಷ್ಟು. ರುಬಿಡಿಯಂ-87ಕ್ಕೆ ಅದು ಸೆಕೆಂಡಿಗೆ ಸುಮಾರು 4,600 ಚದರ ಮೈಕ್ರಾನ್.

ಸುಳಿಯ ನಟ್ಟನಡುವೆ ಫೇಸ್‌ಗೆ ಅರ್ಥವೇ ಇರುವುದಿಲ್ಲ. ಹಾಗಾಗಿ ಅಲ್ಲಿ ಅನಿಲವೇ ಇರಬಾರದು. ಪ್ರತಿ ಸುಳಿಯ ಎದೆಯಲ್ಲೂ ಒಂದು ತೂತು ಇರುತ್ತದೆ. ಇದರಿಂದ ಹೊರಡುವ ಮಾತು ಬಹಳ ಮುಖ್ಯ. ಅನಿಲ ದಟ್ಟವಾಗಿರುವ ನಡುಭಾಗದಲ್ಲಿ ಒಂಟಿ ಸುಳಿ ಇದ್ದಕ್ಕಿದ್ದಂತೆ ಹುಟ್ಟಲಾರದು. ಅಲ್ಲಿ ಹುಟ್ಟಬೇಕೆಂದರೆ ಎಡಕ್ಕೊಂದು ಬಲಕ್ಕೊಂದು ತಿರುಗುವ ಜೋಡಿಯಾಗಿಯೇ ಹುಟ್ಟಬೇಕು. ಒಂಟಿಯಾಗಿ ಬರುವ ಸುಳಿಗೆ ಉಳಿದಿರುವ ಬಾಗಿಲು ಅನಿಲ ತೆಳುವಾಗಿ ಮುಗಿದುಹೋಗುವ ಅಂಚು ಮಾತ್ರ.

2. ನಡುವನ್ನು ನೋಡುತ್ತ ಕೂರಬೇಡಿ

ಕಳೆದ ಸಲ ಪ್ರಾಜೆಕ್ಟ್‌ಗೆ ಬಂದಿದ್ದ ಹುಡುಗಿ ಪರದೆಯಿಂದ ಕಣ್ಣು ತೆಗೆಯದೆ ಕೂತಿದ್ದಳು. “ಸರ್, ಎರಡು ತಾಸು ಆತ್ರಿ, ನಡುವ ಒಂದೂ ಸುಳಿ ಬಂದಿಲ್ಲ” ಅಂದಳು. “ನಡುವ ಯಾಕ ನೋಡ್ತಿ, ಅಂಚಿಗೆ ನೋಡವ್ವ” ಅಂದೆ. ಅವಳು ನೋಡುತ್ತಿದ್ದದ್ದು ಸಾಂದ್ರತೆಯ ಚಿತ್ರ ಒಂದನ್ನೇ. ಪಕ್ಕದಲ್ಲಿ ಫೇಸ್‌ನ ಚಿತ್ರ ತೆರೆದು ಕೊಟ್ಟ ಮೇಲೆ ಮೋಡದ ಸುತ್ತ, ಅನಿಲ ಇಲ್ಲವೇ ಇಲ್ಲ ಎನ್ನುವಂಥ ಜಾಗದಲ್ಲಿ, ಹತ್ತಾರು ಸುಳಿಗಳು ಆಗಲೇ ಸಾಲುಗಟ್ಟಿ ನಿಂತಿದ್ದವು.

ಇವನ್ನು ಭೂತಸುಳಿ ಎನ್ನುತ್ತೇವೆ. ಫೇಸ್ ಪೂರ್ತಿ 360 ಡಿಗ್ರಿ ಸುತ್ತಿರುತ್ತದೆ, ಆದರೆ ಅಲ್ಲಿ ಸುತ್ತಲು ಪರಮಾಣುಗಳೇ ಇರುವುದಿಲ್ಲ. ಆದ್ದರಿಂದ ಅವುಗಳಿಗೆ ಶಕ್ತಿಯೂ ಇಲ್ಲ, ಕೋನೀಯ ಸಂವೇಗವೂ ಇಲ್ಲ. ಜಪಾನಿನ ಮಾಕೊಟೊ ತ್ಸುಬೊಟಾ, ಕೆನಿಚಿ ಕಸಾಮತ್ಸು ಮತ್ತು ಮಸಾಹಿತೊ ಉಎದಾ 2002ರಲ್ಲಿ ಇವು ಒಳಗೆ ಬರುವ ಬಗೆಯನ್ನು ಹಂತಹಂತವಾಗಿ ಲೆಕ್ಕಹಾಕಿ ತೋರಿಸಿದರು. ನನಗೆ ಆ ಲೇಖನ ಇಡೀ ವಿಷಯದ ಹೆಬ್ಬಾಗಿಲು.

ಅನಿಲವನ್ನು ಹಿಡಿದಿಡುವ ಬಲೆಯನ್ನು ತುಸು ಅಂಡಾಕಾರಕ್ಕೆ ಎಳೆದು, ಅದರಲ್ಲಿ ಅನಿಲ ತಾನಾಗಿ ಅತ್ತಿತ್ತ ತೂಗುವ ಆವೃತ್ತಿಯ (ಇದೇ ಬಲೆಯ ಆವೃತ್ತಿ) 0.7ರಷ್ಟು ವೇಗದಲ್ಲಿ ತಿರುಗಿಸಿದರೆ ಆಗುವುದು ಹೀಗೆ. ಮೊದಲು ಮೋಡ ಉದ್ದಕ್ಕೆ ಹಿಗ್ಗುತ್ತದೆ, ಮತ್ತೆ ದುಂಡಗಾಗುತ್ತದೆ, ಮತ್ತೆ ಹಿಗ್ಗುತ್ತದೆ. ಈ ಹಂತದಲ್ಲಿ ಒಳಗೆ ಒಂದು ಸುಳಿಯೂ ಇಲ್ಲ. ಆಮೇಲೆ ಅಂಚಿನಲ್ಲಿ ಸಣ್ಣ ಅಲೆಗಳು ಏಳುತ್ತವೆ. ಅಲೆಯ ಎರಡು ಉಬ್ಬುಗಳ ನಡುವಿನ ತಗ್ಗಿನಲ್ಲಿ ಒಂದೊಂದು ಭೂತಸುಳಿ ಬಂದು ಸಿಕ್ಕಿಕೊಳ್ಳುತ್ತದೆ. ತಗ್ಗು ಆಳವಾಗುತ್ತ ಹೋಗುತ್ತದೆ, ಸಾಂದ್ರತೆಯ ಚಿತ್ರದಲ್ಲಿ ಅಂಚು ಹಲ್ಲುಹಲ್ಲಾಗಿ ಕಾಣುತ್ತದೆ. ನಂತರ ಕೆಲವು ಸುಳಿಗಳು ಒಳಕ್ಕೆ ನುಗ್ಗುತ್ತವೆ, ಕೆಲವು ಹಿಂದಕ್ಕೆ ಸರಿಯುತ್ತವೆ. ನುಗ್ಗಿದವು ಒಂದನ್ನೊಂದು ದೂಡುತ್ತ, ಸ್ವಲ್ಪ ಹೊತ್ತು ದಿಕ್ಕೆಟ್ಟು ಅಲೆದು, ಕೊನೆಗೆ ಸಮಬಾಹು ತ್ರಿಕೋನಗಳ ಅಚ್ಚುಕಟ್ಟಾದ ಜಾಲವಾಗಿ ನಿಲ್ಲುತ್ತವೆ. ಮೋಡ ಮತ್ತೆ ದುಂಡಗಾಗುತ್ತದೆ. ಪ್ರಯೋಗಾಲಯದ ಗಡಿಯಾರದಲ್ಲಿ ಇದಿಷ್ಟೂ ಕೆಲವು ನೂರು ಮಿಲಿಸೆಕೆಂಡಿನ ವ್ಯವಹಾರ. ನನ್ನ ಲ್ಯಾಪ್‌ಟಾಪಿಗೆ ಇಡೀ ರಾತ್ರಿ ಬೇಕು.

ಫೇಸ್ ಚಿತ್ರಕ್ಕೆ ಸುತ್ತಿ ಬರುವ ಬಣ್ಣಗಳನ್ನೇ ಆರಿಸಿ. ಸೊನ್ನೆಗೂ 360ಕ್ಕೂ ಒಂದೇ ಬಣ್ಣ ಇರಬೇಕು. ಇಲ್ಲದಿದ್ದರೆ ಇಲ್ಲದ ಗೆರೆಗಳು ಕಣ್ಣಿಗೆ ಕಟ್ಟಿ ದಾರಿ ತಪ್ಪಿಸುತ್ತವೆ.

3. ಲಾಭವಿದ್ದರೆ ಸಾಲದು, ದಾರಿಯೂ ಬೇಕು

ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಪಾಠ ಇದು. ಪುಸ್ತಕಗಳಲ್ಲಿ “ನಿರ್ಣಾಯಕ ವೇಗ” ಎಂಬ ಮಾತು ಬರುತ್ತದೆ: ಅದಕ್ಕಿಂತ ಜೋರಾಗಿ ತಿರುಗಿಸಿದರೆ ಸುಳಿಯಿರುವ ಸ್ಥಿತಿಯ ಶಕ್ತಿ ಸುಳಿಯಿಲ್ಲದ ಸ್ಥಿತಿಗಿಂತ ಕಡಿಮೆ. ನಾನು ಮಕ್ಕಳಿಗೆ ಕೊಡುವ ಎರಡು ಆಯಾಮದ ಲೆಕ್ಕದಲ್ಲಿ, ಪರಮಾಣುಗಳ ಪರಸ್ಪರ ತಳ್ಳಾಟದ ಬಲವನ್ನು 1000 ಎಂದಿಟ್ಟರೆ, ಆ ವೇಗ ಬಲೆಯ ಆವೃತ್ತಿಯ ಸುಮಾರು 0.19 ಮಾತ್ರ. ಹಾಗಾದರೆ 0.3ರಲ್ಲಿ ತಿರುಗಿಸಿದರೆ ಸುಳಿ ಬರಬೇಕಲ್ಲವೇ? ಬರುವುದಿಲ್ಲ. ರಾತ್ರಿಯೆಲ್ಲ ತಿರುಗಿಸಿದರೂ ಮೋಡ ತುಸು ಅಂಡಾಕಾರವಾಗಿ ಸುಮ್ಮನೆ ಕೂತಿರುತ್ತದೆ. ಅದೇ ವೇಗದಲ್ಲಿ ಒಂದು ಸುಳಿಯನ್ನು ನೀವೇ ನಡುವೆ ನೆಟ್ಟು ಶಕ್ತಿ ಅಳೆದು ನೋಡಿ, ನೆಟ್ಟದ್ದೇ ಕಡಿಮೆ ಬರುತ್ತದೆ.

ಕಾರಣ, ಅಂಚಿಗೂ ನಡುವಿಗೂ ಮಧ್ಯೆ ಶಕ್ತಿಯ ಒಂದು ದಿಬ್ಬ ಇದೆ. ಅಂಚಿನಿಂದ ಒಳಗೆ ಹೆಜ್ಜೆಯಿಡುವ ಸುಳಿ ಮೊದಲು ಶಕ್ತಿ ತೆರಬೇಕು, ಲಾಭ ಸಿಗುವುದು ಆಮೇಲೆ. ದಿಬ್ಬವನ್ನು ದಾಟಿಸುವುದು ಅಂಚಿನ ಅಲೆಗಳ ಕೆಲಸ. ಅಂಡಾಕಾರದ ಬಲೆ ಎಬ್ಬಿಸಬಲ್ಲದ್ದು ಎರಡು ಉಬ್ಬಿನ ಅಲೆಯನ್ನು. ಅದು ಬಲೆಯ ಆವೃತ್ತಿಯನ್ನು 2ರ ವರ್ಗಮೂಲದಿಂದ ಭಾಗಿಸಿದ ವೇಗದಲ್ಲಿ, ಅಂದರೆ 0.707ರ ಆಸುಪಾಸಿನಲ್ಲಿ, ತಾಳ ಕೂಡಿ ಬೆಳೆಯುತ್ತದೆ. ಪ್ಯಾರಿಸ್‌ನಲ್ಲಿ ಜಾನ್ ದಾಲಿಬಾರ್ ತಂಡ 1999ರ ಕೊನೆಯ ಹೊತ್ತಿಗೆ ರುಬಿಡಿಯಂ ಅನಿಲವನ್ನು ಲೇಸರ್ ಕಿರಣದಿಂದ ಕಲಕಿದಾಗ ಮೊದಲ ಸುಳಿ ಕಂಡದ್ದು ಈ ಸುತ್ತಮುತ್ತಲ ವೇಗದಲ್ಲೇ, ಶಕ್ತಿಯ ಲೆಕ್ಕ ಹೇಳಿದ ಕೆಳಗಿನ ವೇಗದಲ್ಲಲ್ಲ. ಎಂಐಟಿಯ ವುಲ್ಫ್‌ಗಾಂಗ್ ಕೆಟರ್ಲೆ ತಂಡ 2001ರಲ್ಲಿ ಎರಡು, ಮೂರು, ನಾಲ್ಕು ಕಿರಣಗಳ ವಿನ್ಯಾಸದಲ್ಲಿ ಕಲಕಿ ನೋಡಿತು. ಮೂರಾದರೆ 3ರ ವರ್ಗಮೂಲದಿಂದ ಭಾಗಿಸಿದ ವೇಗ, ಅಂದರೆ 0.577, ನಾಲ್ಕಾದರೆ 0.5. ಕಲಕುವ ಆಕಾರ ಬದಲಾದಂತೆ ಸುಳಿ ಬರುವ ವೇಗವೂ ಬದಲಾಯಿತು.

ಈ ಮೂರೂ ಸಂಖ್ಯೆಗಳನ್ನು ನಿಮ್ಮ ಕಂಪ್ಯೂಟರಿನಲ್ಲಿ ನೀವೇ ಪಡೆಯಬಹುದು. ಬಲೆಯ ಸೂತ್ರದಲ್ಲಿ ಒಂದು ಪದ ಬದಲಿಸಿದರೆ ಆಯಿತು. ಬಿ.ಎಸ್ಸಿ. ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಮೊದಲ ಪ್ರಾಜೆಕ್ಟ್ ನನಗೆ ಗೊತ್ತಿಲ್ಲ.

4. ಪೂರ್ತಿ ದುಂಡಗಿನ ಬಲೆಯಲ್ಲಿ ಹಿಡಿತ ಸಿಗುವುದಿಲ್ಲ

ದುಂಡು ಬಲೆಯನ್ನು ಎಷ್ಟು ತಿರುಗಿಸಿದರೂ ಅನಿಲಕ್ಕೆ ಅದು ತಿರುಗುತ್ತಿದೆ ಎಂದೇ ತಿಳಿಯದು. ಶೇಕಡಾ ಎರಡು ಮೂರರಷ್ಟು ಅಂಡಾಕಾರ ಸಾಕು, ಆದರೆ ಅಷ್ಟಾದರೂ ಇರಲೇಬೇಕು. ಜೊತೆಗೆ ಮೊದಲ ತರಂಗಕ್ಕೆ ಒಂದಿಷ್ಟು ಯಾದೃಚ್ಛಿಕ ಗದ್ದಲ ಬೆರೆಸಿ. ಇಲ್ಲದಿದ್ದರೆ ಎಡಬಲದ ಸಮತೆ ಮುರಿಯದೆ, ಸುಳಿಗಳು ಎದುರುಬದುರು ಜೋಡಿಯಾಗಿಯೇ ಬರುತ್ತಿರುತ್ತವೆ. ನಿಜವಾದ ಅನಿಲದಲ್ಲಿ ಅಂಥ ಶಿಸ್ತು ಇಲ್ಲ. ಮೇಲಿನ ಮಿತಿಯೂ ನೆನಪಿರಲಿ: ತಿರುಗುವ ವೇಗ ಬಲೆಯ ಆವೃತ್ತಿಯನ್ನು ಮುಟ್ಟಿದರೆ ಅನಿಲ ಹೊರಗೆ ಚೆಲ್ಲಿಹೋಗುತ್ತದೆ.

5. ಸುಳಿಗಳನ್ನು ಎಣಿಸಿ, ಫೈನ್‌ಮನ್ ಸೂತ್ರದ ಪಕ್ಕದಲ್ಲಿಡಿ

ಸುಳಿಯ ಶಕ್ತಿ ಅದರ ಬಲದ ವರ್ಗಕ್ಕೆ ಅನುಗುಣ. 720 ಡಿಗ್ರಿಯ ಒಂದು ಸುಳಿಗೆ ನಾಲ್ಕು ಪಾಲು ಖರ್ಚು, 360ರ ಎರಡಕ್ಕೆ ಎರಡೇ ಪಾಲು. ಆದ್ದರಿಂದ ಇಂಥ ಬಲೆಯಲ್ಲಿ ದೊಡ್ಡ ಸುಳಿ ನಿಲ್ಲದೆ ಒಡೆಯುತ್ತದೆ. ವೇಗ ಹೆಚ್ಚಿದಂತೆ ಸುಳಿಗಳ ಸಂಖ್ಯೆ ಹೆಚ್ಚುತ್ತದೆ. ಸುಳಿಗಳ ಸಂಖ್ಯೆ ಸಾಕಷ್ಟಾದಾಗ ಅನಿಲ ದೂರದಿಂದ ನೋಡುವವರಿಗೆ ಗಟ್ಟಿ ತಟ್ಟೆ ತಿರುಗಿದಂತೆಯೇ ತಿರುಗುತ್ತದೆ. ಒಂದು ಚದರ ಮೈಕ್ರಾನ್‌ಗೆ ಎಷ್ಟು ಸುಳಿ ಎಂಬುದು ಸರಳ: ಕೋನೀಯ ವೇಗದ ಎರಡರಷ್ಟನ್ನು ಒಂದು ಸುಳಿಯ ಬಲದಿಂದ ಭಾಗಿಸಿ. ಸೆಕೆಂಡಿಗೆ 100 ಸುತ್ತು ತಿರುಗುವ ರುಬಿಡಿಯಂ ಅನಿಲಕ್ಕೆ ಸುಮಾರು 0.27. ಮೋಡದ ತ್ರಿಜ್ಯ 10 ಮೈಕ್ರಾನ್ ಆದರೆ ಒಟ್ಟು 86ರ ಆಸುಪಾಸು. ಎಂಐಟಿಯವರು 2001ರಲ್ಲಿ ಸೋಡಿಯಂ ಅನಿಲದಲ್ಲಿ 100ಕ್ಕೂ ಹೆಚ್ಚು ಸುಳಿಗಳ ತ್ರಿಕೋನ ಜಾಲವನ್ನು ಚಿತ್ರಿಸಿದರು. ಆ ಚಿತ್ರವನ್ನು ತರಗತಿಯಲ್ಲಿ ತೋರಿಸಿದಾಗ ಹಿಂದಿನ ಬೆಂಚೂ ಸುಮ್ಮನಾಗುತ್ತದೆ.

ನಾನು ಮೇಲೆ ಹೇಳಿದ ಲೆಕ್ಕದಲ್ಲಿ 0.7 ವೇಗಕ್ಕೆ ಸೂತ್ರ ಸುಮಾರು 35 ಎನ್ನುತ್ತದೆ. ಎಣಿಸಿದರೆ ಅದಕ್ಕಿಂತ ಕಡಿಮೆ ಸಿಗುತ್ತದೆ, ಏಕೆಂದರೆ ಅಂಚಿನ ಪಟ್ಟಿಯಲ್ಲಿ ಸುಳಿ ನಿಲ್ಲುವುದಿಲ್ಲ. 35ಕ್ಕಿಂತ ಬಹಳ ಹೆಚ್ಚು ಸಿಕ್ಕರೆ ನೀವು ಭೂತಸುಳಿಗಳನ್ನೂ ಎಣಿಸಿದ್ದೀರಿ ಎಂದರ್ಥ. ಸಾಂದ್ರತೆಗೆ ಒಂದು ಕನಿಷ್ಠ ಮಿತಿ ಇಟ್ಟುಕೊಂಡು ಅದರ ಒಳಗಿನವನ್ನಷ್ಟೇ ಎಣಿಸಿ.

6. ಯಂತ್ರದ ಮಾತು

ಸುಳಿಯ ತೂತಿನ ಅಗಲವನ್ನು ಹೀಲಿಂಗ್ ಲೆಂತ್ ಎಂಬ ಅಳತೆ ನಿರ್ಧರಿಸುತ್ತದೆ. ಗ್ರಿಡ್‌ನ ಎರಡು ಬಿಂದುಗಳಾದರೂ ಅದರೊಳಗೆ ಬೀಳಬೇಕು. ನಮ್ಮ ಲೆಕ್ಕಕ್ಕೆ 256 ಬೈ 256ರ ಗ್ರಿಡ್, ಎರಡೂ ದಿಕ್ಕಿನಲ್ಲಿ ಮೈನಸ್ 12ರಿಂದ ಪ್ಲಸ್ 12ರವರೆಗೆ. ತಿರುಗಿದಾಗ ಮೋಡ ಹಿಗ್ಗುವುದರಿಂದ ಪೆಟ್ಟಿಗೆಯಲ್ಲಿ ಜಾಗ ಬಿಟ್ಟಿರಬೇಕು.

ಜಾಲ ಬೇಗ ನೆಲೆಗೊಳ್ಳಲು ಸಮೀಕರಣಕ್ಕೆ ಒಂದು ಸಣ್ಣ ಸವಕಳಿ ಪದ ಸೇರಿಸುವುದುಂಟು. ತ್ಸುಬೊಟಾ ತಂಡ ಬಳಸಿದ ಬೆಲೆ 0.03, ನಾನೂ ಅಲ್ಲಿಂದಲೇ ಶುರುಮಾಡುತ್ತೇನೆ. ಆ ಪದ ತಿರುಗುವ ಚೌಕಟ್ಟಿನಲ್ಲೇ ಇರಬೇಕು. ನಿಂತ ಚೌಕಟ್ಟಿನಲ್ಲಿ ಹಾಕಿದರೆ ಅದು ಸುಳಿಗಳನ್ನು ನೆಲೆಗೊಳಿಸುವ ಬದಲು ಹೊರಗಟ್ಟುತ್ತದೆ. ಸವಕಳಿಯಿಂದ ಪರಮಾಣುಗಳ ಒಟ್ಟು ಸಂಖ್ಯೆ ಕರಗುತ್ತದೆ, ಪ್ರತಿ ಹೆಜ್ಜೆಗೂ ಅದನ್ನು ಸರಿಪಡಿಸಿಕೊಳ್ಳಿ. ಸವಕಳಿ ಇಲ್ಲದೆ ಒಮ್ಮೆ ಓಡಿಸಿ, ಸಂಖ್ಯೆಯೂ ಶಕ್ತಿಯೂ ಕದಲದೆ ನಿಲ್ಲುತ್ತವೆಯೇ ಎಂದು ಪರೀಕ್ಷಿಸದೆ ಯಾವ ಚಿತ್ರವನ್ನೂ ನಂಬಬೇಡಿ. ಎಲ್ಲವನ್ನೂ ಸ್ವಂತವಾಗಿ ಬರೆಯಬೇಕೆಂದಿಲ್ಲ. ತಿರುಚಿರಾಪಳ್ಳಿಯ ಭಾರತಿದಾಸನ್ ವಿಶ್ವವಿದ್ಯಾಲಯದ ಪಿ. ಮುರುಗಾನಂದಂ, ಬ್ರೆಜಿಲ್‌ನಲ್ಲಿರುವ ಸಾಧನ್ ಅಧಿಕಾರಿ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಪ್ರೋಗ್ರಾಂಗಳು ಎಲ್ಲರಿಗೂ ಸಿಗುತ್ತವೆ. ತಿರುಗುವ ಕಂಡೆನ್ಸೇಟ್‌ಗೆಂದೇ ಬರೆದದ್ದು 2019ರಲ್ಲಿ ಬಂತು. ನಮ್ಮಂಥ ಊರುಗಳಲ್ಲಿ ಕೂತವರಿಗೆ ಇವರು ಮಾಡಿರುವ ಉಪಕಾರ ದೊಡ್ಡದು.

ಇಲ್ಲಿಯ ಬೇಸಿಗೆಯಲ್ಲಿ ಹಗಲು 42 ಡಿಗ್ರಿ ದಾಟಿದಾಗ ಯಂತ್ರ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ದೊಡ್ಡ ಲೆಕ್ಕಗಳನ್ನು ರಾತ್ರಿಗೇ ಇಡಿ. ಕರೆಂಟು ಹೋಗುವುದು ಇದ್ದೇ ಇದೆ, ಆದ್ದರಿಂದ ಕೆಲವು ಸಾವಿರ ಹೆಜ್ಜೆಗೊಮ್ಮೆ ಇಡೀ ತರಂಗವನ್ನು ಫೈಲಿಗೆ ಬರೆದಿಡಿ. ಹೊಸ ಫೈಲ್ ಪೂರ್ತಿ ಬರೆದಾದ ಮೇಲೆಯೇ ಹಳೆಯದನ್ನು ಅಳಿಸಿ.

7. ಪ್ರಯೋಗದವರ ಕಷ್ಟ ತಿಳಿದಿರಲಿ

ನಾವು ಒಂದೇ ಸುಳಿಯನ್ನು ಹುಟ್ಟಿನಿಂದ ಕೊನೆಯವರೆಗೂ ಹಿಂಬಾಲಿಸಬಹುದು. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಅದಾಗುವುದಿಲ್ಲ. ತೂತಿನ ಅಳತೆ ಮೈಕ್ರಾನ್‌ನ ಒಂದು ಸಣ್ಣ ಭಾಗ, ನೋಡಲು ಬಳಸುವ ಬೆಳಕಿನ ಅಲೆಯುದ್ದ ರುಬಿಡಿಯಂಗೆ 780 ನ್ಯಾನೋಮೀಟರ್. ಹಾಗಾಗಿ ಬಲೆಯನ್ನು ಆರಿಸಿ, ಮೋಡ ಹಿಗ್ಗಲು ಬಿಟ್ಟು, ಸುಳಿಗಳೂ ಅದರೊಂದಿಗೆ ದೊಡ್ಡವಾದ ಮೇಲೆ ನೆರಳಿನ ಚಿತ್ರ ತೆಗೆಯುತ್ತಾರೆ. ಚಿತ್ರ ಸಿಗುತ್ತದೆ, ಅನಿಲ ಹೋಗುತ್ತದೆ. ಮುಂದಿನ ಕ್ಷಣ ಬೇಕಾದರೆ ಹೊಸ ಅನಿಲವನ್ನೇ ತಣಿಸಬೇಕು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಪರಮಾಣುಗಳನ್ನು ತಣಿಸುವ ಪ್ರಯೋಗಾಲಯವಿದೆ. ಅವಕಾಶ ಸಿಕ್ಕವರು ಒಮ್ಮೆ ನೋಡಿಬರಬೇಕು.

ಕಲಕುವುದೊಂದೇ ದಾರಿಯಲ್ಲ ಎಂಬುದನ್ನೂ ಪ್ರಯೋಗದವರೇ ಕಲಿಸಿದ್ದು. ಬೋಲ್ಡರ್‌ನಲ್ಲಿ 2001ರಲ್ಲಿ ಬಿಸಿ ಅನಿಲವನ್ನು ಮೊದಲು ತಿರುಗಿಸಿ, ಆಮೇಲೆ ತಣಿಸಿದರು. ಕಂಡೆನ್ಸೇಟ್ ಸುಳಿಗಳ ಸಮೇತವೇ ಹುಟ್ಟಿತು. ತಿರುಗಿಸದೆಯೂ, ಬೇಗ ತಣಿಸಿದ ಮಾತ್ರಕ್ಕೆ ಸುಳಿ ಉಳಿದುಕೊಳ್ಳುವುದನ್ನು 2008ರಲ್ಲಿ ಅರಿಜೋನಾದವರು ತೋರಿಸಿದರು. ಅಲ್ಲಿ ತುಂಡುತುಂಡಾಗಿ ಹುಟ್ಟಿದ ತರಂಗಗಳ ಫೇಸ್‌ಗಳು ಒಂದಕ್ಕೊಂದು ಹೊಂದದೆ, ಕೂಡುವ ಜಾಗದಲ್ಲಿ ಸುಳಿ ಸಿಕ್ಕಿಕೊಳ್ಳುತ್ತದೆ. ಅಂಚಿನ ಬಾಗಿಲನ್ನು ಬಳಸದೆ ಸುಳಿ ಬರುವ ಎರಡು ದಾರಿಗಳು ಇವು. ಎರಡರಲ್ಲೂ ಸುಳಿ ಬರುವ ಹೊತ್ತಿಗೆ ಕಂಡೆನ್ಸೇಟ್ ಇನ್ನೂ ಪೂರ್ತಿ ಆಗಿರುವುದಿಲ್ಲ. ಲಿಥಿಯಂ-6 ಎಂಬ ಫರ್ಮಿ ಪರಮಾಣುಗಳು ಜೋಡಿಯಾಗಿ ಅತಿದ್ರವವಾಗುತ್ತವೆ ಎಂಬುದಕ್ಕೆ 2005ರಲ್ಲಿ ಎಂಐಟಿ ಕೊಟ್ಟ ಸಾಕ್ಷಿಯೂ ಸುಳಿಗಳ ಜಾಲವೇ.

8. ಸುಳಿ ಹೊರಗೆ ಹೋಗುವುದನ್ನೂ ಅಭ್ಯಾಸ ಮಾಡಿ

ಸುಳಿ ಹೊರಹೋಗುವುದು ಏಕೆ ಮುಖ್ಯ ಎಂಬುದಕ್ಕೆ ಒಂದು ನಕ್ಷತ್ರದ ಕಥೆಯಿದೆ. 1969ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ವಿ. ರಾಧಾಕೃಷ್ಣನ್ ಮತ್ತು ಆರ್. ಎನ್. ಮ್ಯಾಂಚೆಸ್ಟರ್ ಒಂದು ವಿಚಿತ್ರ ಕಂಡರು. ಸೆಕೆಂಡಿಗೆ 11 ಸುತ್ತು ತಿರುಗುವ, ಸದಾ ನಿಧಾನವಾಗುತ್ತಲೇ ಹೋಗುವ ವೇಲಾ ಪಲ್ಸಾರ್ ಎಂಬ ನ್ಯೂಟ್ರಾನ್ ನಕ್ಷತ್ರ ಇದ್ದಕ್ಕಿದ್ದಂತೆ ಹತ್ತು ಲಕ್ಷದಲ್ಲಿ ಎರಡು ಭಾಗದಷ್ಟು ವೇಗ ಹೆಚ್ಚಿಸಿಕೊಂಡಿತ್ತು. ರಾಧಾಕೃಷ್ಣನ್ ಸಿ. ವಿ. ರಾಮನ್ ಅವರ ಮಗ. 1972ರಿಂದ 1994ರವರೆಗೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದವರು. 1975ರಲ್ಲಿ ಆಂಡರ್ಸನ್ ಮತ್ತು ಇತೊ ಕೊಟ್ಟ ವಿವರಣೆ ನಮ್ಮ ವಿಷಯಕ್ಕೇ ಬಂದು ಸೇರುತ್ತದೆ. ನಕ್ಷತ್ರದೊಳಗಿನ ನ್ಯೂಟ್ರಾನ್‌ಗಳು ಜೋಡಿಗೂಡಿ ಅತಿದ್ರವವಾಗಿವೆ, ಅದರಲ್ಲಿ ಸುಳಿಗಳಿವೆ, ಅವು ಮೇಲಿನ ಗಟ್ಟಿ ತೊಗಟೆಯಲ್ಲಿ ಸಿಕ್ಕಿಕೊಂಡಿವೆ. ತೊಗಟೆ ನಿಧಾನವಾದರೂ ಸುಳಿಗಳು ಹೊರಹೋಗಲಾಗದೆ ಒಳಗಿನ ದ್ರವ ಹಳೆಯ ವೇಗದಲ್ಲೇ ಇರುತ್ತದೆ. ಒಮ್ಮೆ ಗುಂಪಾಗಿ ಬಿಡಿಸಿಕೊಂಡಾಗ ಆ ತಿರುಗು ತೊಗಟೆಗೆ ದಾಟುತ್ತದೆ. ಅದೇ ಫೈನ್‌ಮನ್ ಸೂತ್ರ ಹಾಕಿದರೆ ವೇಲಾದೊಳಗೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 70,000 ಸುಳಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಹುಲ್ ಪಂಡಿತ್, ಅಖಿಲೇಶ್ ಕುಮಾರ್ ವರ್ಮಾ ಮತ್ತು ಫ್ರಾನ್ಸ್‌ನ ಮಾರ್ಕ್ ಬ್ರಾಷೆ 2022ರಲ್ಲಿ ಇದನ್ನು ಗ್ರಾಸ್–ಪಿಟಾಯೆವ್‌ಸ್ಕಿ ಸಮೀಕರಣಕ್ಕೆ ಗುರುತ್ವವನ್ನೂ ಒಂದು ತೊಗಟೆಯನ್ನೂ ಸೇರಿಸಿ ಲೆಕ್ಕಹಾಕಿದರು. ತಿರುಗಿಸಿದಾಗ ಸುಳಿಗಳು ಬಂದವು, ತೊಗಟೆಯೊಡನೆ ಸಿಕ್ಕುತ್ತ ಜಾರುತ್ತ ನಡೆದವು, ತೊಗಟೆಯ ಕೋನೀಯ ಸಂವೇಗ ಹಠಾತ್ತನೆ ನೆಗೆಯುವುದೂ ಕಂಡಿತು. ಮೂರು ಆಯಾಮದ ಅಂಥ ಲೆಕ್ಕಕ್ಕೆ ದೊಡ್ಡ ಯಂತ್ರ ಬೇಕು. ಆದರೆ ಅದರ ಎರಡು ಆಯಾಮದ ಮರಿಯನ್ನು ನಮ್ಮ ಲ್ಯಾಪ್‌ಟಾಪ್ ತಾಳಿಕೊಳ್ಳುತ್ತದೆ.

ಮಾಡುವುದು ಹೀಗೆ. 0.7ರಲ್ಲಿ ಜಾಲ ನೆಲೆಗೊಂಡ ಮೇಲೆ, ತಿರುಗುವ ಬಲೆಯೊಳಗೆ ಹೀಲಿಂಗ್ ಲೆಂತ್‌ನಷ್ಟೇ ಅಗಲದ ಪುಟ್ಟ ದಿಬ್ಬಗಳನ್ನು ಅಲ್ಲಲ್ಲಿ ನೆಡಿ. ದಿಬ್ಬದ ಮೇಲೆ ಅನಿಲ ಮೊದಲೇ ಕಡಿಮೆ ಇರುವುದರಿಂದ ಸುಳಿಗೆ ಅಲ್ಲಿ ತೂತು ಕೊರೆಯುವ ಖರ್ಚು ಉಳಿಯುತ್ತದೆ, ಅದು ಅಲ್ಲೇ ಅಂಟಿಕೊಳ್ಳುತ್ತದೆ. ನಂತರ ತಿರುಗುವ ವೇಗವನ್ನು ಬಹಳ ನಿಧಾನವಾಗಿ ಇಳಿಸುತ್ತ, ಅನಿಲದ ಕೋನೀಯ ಸಂವೇಗವನ್ನೂ ಉಳಿದ ಸುಳಿಗಳ ಸಂಖ್ಯೆಯನ್ನೂ ಪ್ರತಿ ಹೆಜ್ಜೆಗೆ ಬರೆದುಕೊಳ್ಳಿ. ದಿಬ್ಬಗಳಿಲ್ಲದಿದ್ದಾಗ ಇಳಿಜಾರಿನಂತಿದ್ದ ಗೆರೆ ದಿಬ್ಬಗಳಿದ್ದಾಗ ಮೆಟ್ಟಿಲಾಗುತ್ತದೆ. ದಿಬ್ಬದ ಎತ್ತರ ಹೆಚ್ಚಿಸಿದರೆ ಮೆಟ್ಟಿಲುಗಳ ನಡುವಿನ ಕಾಯುವ ಹೊತ್ತು ಹೇಗೆ ಬದಲಾಗುತ್ತದೆ, ಒಂದು ಸಲಕ್ಕೆ ಎಷ್ಟು ಸುಳಿ ಹೊರಬೀಳುತ್ತವೆ ಎಂಬುದನ್ನು ಪಟ್ಟಿಮಾಡಿ. ಈ ವರ್ಷ ಬಂದಿರುವ ಇಬ್ಬರು ಈಗ ಆ ಪಟ್ಟಿಯನ್ನೇ ತುಂಬುತ್ತಿದ್ದಾರೆ.